ಮೊಣಕಾಲ ಮೇಲಿನ ಕಂಬಳಿ

ಕೊರಾಲಿ ಪಿತ್ರೆ ಅಳುತ್ತಿರಲಿಲ್ಲ. ಟೆಲಿಫೋನ್ ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂತು, ಬೇರೆ ಯಾರದೋ ಮನೆಯ ಸುದ್ದಿಯನ್ನು ಓದಿ ಹೇಳುವವಳಂತೆ ಹೇಳಿದಳು:

“ಗ್ಯಾಸ್ಪರ್ಡ್ ಸತ್ತುಹೋದ್ರು, ಆಗ್ನೆಸಕ್ಕ. ಬೆಳಿಗ್ಗೆ ಕಾರಿನ ಸಮೇತ ನದೀಲಿ ಸಿಕ್ರು. ನಮ್ಮ ಫ್ಲೋರಿಯನ್ನೇ ಕೊಂದಿದ್ದು ಅಂತ ಅವನ್ನ ಎಳ್ಕೊಂಡು ಹೋಗಿದಾರೆ. ಸಂಜೆ ಐಸ್ ಕಂಪನಿ ಸೀಟಿ ಊದಿದ ತಕ್ಷಣ ಅವನನ್ನೂ ಅದೇ ನೀರಿಗೆ ಹಾಕ್ತಾರಂತೆ.”

ಆಗ್ನೆಸ್ ಟ್ರಾಂಬ್ಲಿ ಕಿವಿಯ ಮೇಲಿನ ಯಂತ್ರವನ್ನು ಕೆಳಗಿಟ್ಟಳು. ಡೆಟ್ರಾಯಿಟ್‌ನ ಸೇಂಟ್ ಕ್ಲೋವಿಸ್ ಹೋಟೆಲಿನಲ್ಲಿ ಅವಳು ಹದಿನಾರು ವರ್ಷದಿಂದ ಟೆಲಿಫೋನ್ ಜೋಡಿಸುವ ಕೆಲಸದಲ್ಲಿದ್ದಳು. ಹೆಂಡ ಮಾರಬಾರದೆಂದು ಸರಕಾರ ಕಾನೂನು ಮಾಡಿ ವರ್ಷಗಳೇ ಆಗಿದ್ದರೂ, ಅದೇ ಹೋಟೆಲಿನ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಪ್ರತಿ ಸಂಜೆ ಚಹಾದ ಕಪ್ಪುಗಳಲ್ಲಿ ವಿಸ್ಕಿ ಬರುತ್ತಿತ್ತು. ಅಲ್ಲಿ ಬಂದವರ ಕೋಟು ಟೋಪಿ ತೆಗೆದಿಡುವುದು ಕೊರಾಲಿಯ ಕೆಲಸ. ಕ್ಲಬ್ಬಿಗೆ ಇಬ್ಬರು ಯಜಮಾನರು. ಗ್ಯಾಸ್ಪರ್ಡ್ ರೆವಾರ್ಡ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಕಾರು ಓಡಿಸಿ ಕೆನಡಾದಿಂದ ಸರಕು ತರುತ್ತಿದ್ದ. ಮಿಲ್ಟನ್ ಹ್ಯಾಸ್ಕ್ ಕೆಳಗೆ ನಿಂತು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಕೊರಾಲಿಯ ಅಣ್ಣ ಫ್ಲೋರಿಯನ್, ಗ್ಯಾಸ್ಪರ್ಡ್‌ನ ಚಾಲಕರಲ್ಲಿ ಒಬ್ಬ.

“ಠಾಣೆಗೆ ಹೋಗಿದ್ಯಾ?”

“ಠಾಣೆಯೋರ ಕೋಟು ಯಾವ್ಯಾವ ಗೂಟದಲ್ಲಿ ತೂಗುತ್ತೆ ಅಂತ ನಂಗೇ ಗೊತ್ತು, ಅಕ್ಕ. ಅವರಿಗೆ ಹೇಳೋದೂ ಒಂದೇ, ಥಿಯೋ ಲೋಜನ್‌ಗೆ ಹೇಳೋದೂ ಒಂದೇ. ಫ್ಲೋರಿಯನ್‌ನ ಐಸ್ ಕಂಪನಿ ಗೋದಾಮಲ್ಲಿ ಕಟ್ಟಿಹಾಕಿಸಿರೋನೇ ಥಿಯೋ.”

ಆಗ್ನೆಸ್ ಅವಳ ಕೈ ಹಿಡಿದು ಎಬ್ಬಿಸಿದಳು. ಆ ಕೈಯಲ್ಲಿ ಜೀವವಿರಲಿಲ್ಲ. ಎರಡು ಚಳಿಗಾಲದ ಹಿಂದೆ ತನ್ನ ಕೈಗಳೂ ಹೀಗೇ ಇದ್ದವೆಂದು ಆಗ್ನೆಸಳಿಗೆ ನೆನಪಾಯಿತು. ನೆನಪಾಯಿತು ಅಷ್ಟೆ. ಅದರಿಂದ ಈಗ ಎದೆಯಲ್ಲಿ ಏನೂ ಅಲುಗುತ್ತಿರಲಿಲ್ಲ.

ಕಾರಿಡಾರಿನ ಕೊನೆಯ ಕೋಣೆಯಲ್ಲಿ ಇಸಿಡೋರ್ ಲಬಾಡಿ ಕಾಲುಚೀಲದ ತೂತು ಹೊಲಿಯುತ್ತ ಕೂತಿದ್ದ. ಅವನು ಹೋಟೆಲಿನಲ್ಲೇ ವಾಸವಿರುವ ಪತ್ತೇದಾರ. ಟವೆಲು ಕದಿಯುವವರು, ಇಸ್ಪೀಟಿನಲ್ಲಿ ಮೋಸ ಮಾಡುವವರು, ಸುಳ್ಳು ಹೆಸರಿನ ಗಂಡಹೆಂಡಿರು, ಇವರೇ ಅವನ ದಿನನಿತ್ಯದ ಬೇಟೆ. ಆದರೆ ಮುದುಕನ ಕಣ್ಣಿಗೆ ಬಿದ್ದದ್ದು ಮತ್ತೆ ಹೊರಗೆ ಬೀಳುವುದಿಲ್ಲವೆಂದು ಆಗ್ನೆಸ್ ಬಲ್ಲಳು. ಅವನ ನಾಲ್ಕಾರು ಪ್ರಕರಣಗಳಲ್ಲಿ ಅವನ ಹಿಂದೆ ಓಡಾಡಿದ್ದಳು.

“ನಿಮ್ಮಣ್ಣನ ಮೇಲೇ ಯಾಕಮ್ಮಾ ಅನುಮಾನ ಬಂತು?” ವಿಷಯ ಕೇಳಿದ ಮೇಲೆ ಇಸಿಡೋರ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದ.

“ಹಳೇ ದೋಣಿಮನೆ ಹತ್ರ ಐಸ್ ಕಂಪನಿಯೋರು ಮೊನ್ನೆ ಐಸ್ ಕೊಯ್ದಿದ್ರು. ಅಲ್ಲಿ ಈಗ ಕಟ್ಟಿರೋದು ತೆಳ್ಳಗಿನ ಪದರ. ಅಂಥ ಕಡೆ ಸುತ್ತ ಎಚ್ಚರಿಕೆಗೆ ಅಂತ ಫರ್ ಮರದ ಕೊಂಬೆ ನೆಡೋದು ಫ್ಲೋರಿಯನ್ ಕೆಲಸ. ನೆಟ್ಟಿದೀನಿ ಅಂತಾನೆ. ಬೆಳಿಗ್ಗೆ ನೋಡಿದ್ರೆ ಒಂದು ಕೊಂಬೇನೂ ಇಲ್ಲ, ಗ್ಯಾಸ್ಪರ್ಡ್ ಕಾರು ಒಳಗೆ. ವ್ರೂಬೆಲ್ ಹತ್ರ ದುಡ್ಡು ತಿಂದು ಇವನೇ ಕಿತ್ತಿದಾನೆ ಅಂತ ಅವರ ವಾದ.”

ಜಿಗ್ಮಂಟ್ ವ್ರೂಬೆಲ್, ಊರಿನ ಇನ್ನೊಂದು ತುದಿಯಲ್ಲಿ ಎದುರಾಳಿ ಕ್ಲಬ್ಬು ನಡೆಸುವವನು. ಎರಡು ಗುಂಪುಗಳ ನಡುವೆ ಆ ಚಳಿಗಾಲದಲ್ಲೇ ಮೂರು ಶವಸಂಸ್ಕಾರಗಳಾಗಿದ್ದವು.

“ವ್ರೂಬೆಲ್‌ಗೂ ಅವನಿಗೂ ಏನು ಸಂಬಂಧ?”

“ಭಾನುವಾರ ಅವನ ಮನೇಲಿ ಊಟ ಮಾಡ್ತಾನೆ. ಅದೂ ನಿಜವೇ. ವ್ರೂಬೆಲ್ ತಾಯಿ ನಮ್ಮನ್ನ ಚಿಕ್ಕೋರಿದ್ದಾಗ ಸೂಪು ಹಾಕಿ ಸಾಕಿದೋಳು. ಈಗ ಹಾಸಿಗೆ ಹಿಡಿದಿದಾಳೆ. ಅವಳಿಗೆ ಮೀನಂದ್ರೆ ಪ್ರಾಣ, ಅದಕ್ಕೇ ಹಿಡ್ಕೊಂಡು ಹೋಗ್ತಾನೆ. ಯಾರ ಕ್ಲಬ್ಬು, ಯಾರ ಜಗಳ ಅಂತ ಆ ಮುದುಕಿಗೆ ಏನ್ ಗೊತ್ತು?”

ಇಸಿಡೋರ್ ಕೋಟು ಹಾಕಿಕೊಂಡ. ಹೊರಡುವ ಮುನ್ನ ಅಡುಗೆಯವನನ್ನು ಕರೆದು, ಈ ಹುಡುಗಿಗೆ ಬಿಸಿಯಾಗಿ ಏನಾದರೂ ಕೊಡು, ಬೇಡವೆಂದರೂ ಕೊಡು ಎಂದ.

ನದಿಯ ದಡದಲ್ಲಿ ಗಾಳಿ ಮುಖವನ್ನು ಕೊಯ್ಯುತ್ತಿತ್ತು. ಐಸ್ ಕಂಪನಿಯ ಕುದುರೆಗಳು ಸರಪಳಿಯಿಂದ ಎಳೆದುತಂದ ಕಾರು ದೋಣಿಮನೆಯ ಮುಂದೆ ನಿಂತಿತ್ತು. ಹೊರಗೆ ತರುವಷ್ಟರಲ್ಲಿ ಅದರ ಮೈಮೇಲಿನ ನೀರೆಲ್ಲ ಗಡ್ಡೆಗಟ್ಟಿ, ಗಾಜಿನ ದಿಮ್ಮಿಯೊಳಗೆ ಕಾರನ್ನು ಹೂತಿಟ್ಟಂತೆ ಕಾಣುತ್ತಿತ್ತು. ಪಕ್ಕದಲ್ಲಿ ಥಿಯೋ ಲೋಜನ್ ಕಾವಲಿದ್ದ. ಹದಿನೈದು ವರ್ಷ ಗ್ಯಾಸ್ಪರ್ಡ್‌ನ ಬಲಗೈ ಆಗಿದ್ದವನು. ಬೆಳಗಿನಿಂದ ಅವನು ಅಲ್ಲಿಂದ ಕದಲಿರಲಿಲ್ಲ.

“ನೋಡ್ಕೊಳಿ ಮುದುಕಪ್ಪ,” ಎಂದ ಥಿಯೋ. “ಇನ್ನೂ ಒಳಗೇ ಇದಾರೆ. ಕೂತ ಹಾಗೇ ಹೆಪ್ಪುಗಟ್ಟಿದಾರೆ. ಬಿಸಿನೀರು ಹಾಕಿ ಬಿಡಿಸ್ಬೇಕು. ಪಾದ್ರಿ ಬರೋವರೆಗೂ ಯಾರೂ ಮುಟ್ಟಕೂಡದು.”

“ಬಾಗಿಲನ್ನೂ ಮುಟ್ಟಿಲ್ವಾ?”

“ಯಾವುದನ್ನೂ ಮುಟ್ಟಿಲ್ಲ.”

ಇಸಿಡೋರ್ ಜೇಬಿನ ಚಾಕುವಿನಿಂದ ಗಾಜಿನ ಮೇಲಿನ ಹಿಮವನ್ನು ಕೆರೆದ. ಆಗ್ನೆಸ್ ಅವನ ಭುಜದ ಮೇಲಿನಿಂದ ಇಣುಕಿದಳು. ಗ್ಯಾಸ್ಪರ್ಡ್ ಕಣ್ಣು ಮುಚ್ಚಿ, ತುಸು ವಾಲಿ ಕೂತಿದ್ದ. ನಿದ್ದೆಹೋದ ಪ್ರಯಾಣಿಕನ ಮುಖ. ಕೈಗಳು ಮಡಿಲಲ್ಲಿದ್ದವು. ಎರಡೂ ಬಾಗಿಲು ಮುಚ್ಚಿ, ಗಾಜುಗಳನ್ನು ಮೇಲಕ್ಕೇರಿಸಿತ್ತು. ಗೇರಿನ ಕೋಲು ಯಾವ ಕಡೆಗೂ ಸರಿಯದೆ ನಟ್ಟನಡುವೆ ನಿಂತಿತ್ತು. ಹಿಂದಿನ ಸೀಟಿನ ಕೊಕ್ಕೆಯಲ್ಲಿ ಒಂದು ಹಗ್ಗ ಸುರುಳಿ ಸುತ್ತಿದ ಹಾಗೇ ತೂಗುತ್ತಿತ್ತು. ಮೊಣಕಾಲುಗಳ ಮೇಲೆ ಉಣ್ಣೆಯ ಕಂಬಳಿ. ಅದರ ಎರಡು ಅಂಚನ್ನೂ ತೊಡೆಗಳ ಕೆಳಗೆ ಒತ್ತಿ ಸಿಕ್ಕಿಸಿತ್ತು, ತೊಟ್ಟಿಲ ಮಗುವಿಗೆ ಹೊದಿಸುವ ಹಾಗೆ.

ದೋಣಿಮನೆಯಿಂದ ನದಿಗೆ ಹಲಗೆಯ ಇಳಿಜಾರು ಇಳಿಯುತ್ತಿತ್ತು. ಒಡೆದ ಪದರದ ಕಪ್ಪು ನೀರು ಅದರ ಕೊನೆಯಲ್ಲೇ ಇತ್ತು. ಇಸಿಡೋರ್ ಅದನ್ನು ನೋಡುತ್ತ ಬಹಳ ಹೊತ್ತು ನಿಂತ.

ದೂರದಲ್ಲಿ, ಕೆನಡಾದ ದಡದ ಕಡೆಗೆ ಒಂದು ಕಾರು ಹಿಮದ ಮೇಲೆ ಹೋಗುತ್ತಿತ್ತು. ಎರಡೂ ಬಾಗಿಲು ರೆಕ್ಕೆಯಂತೆ ಬಿಚ್ಚಿಕೊಂಡಿದ್ದವು.

“ಈ ಚಳೀಲಿ ಬಾಗಿಲು ತೆಕ್ಕೊಂಡು ಹೋಗ್ತಿದಾರಲ್ಲ! ತಲೆ ಕೆಟ್ಟಿದೆಯಾ ಅವರಿಗೆ?” ಎಂದಳು ಆಗ್ನೆಸ್.

ಥಿಯೋ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಖ ತಿರುಗಿಸಿದ. ಕೆಟ್ಟ ಮಾತನ್ನಾಡಿದವರ ಕಡೆ ಜನ ನೋಡುತ್ತಾರಲ್ಲ, ಹಾಗೆ ಅವಳ ಕಡೆ ಒಮ್ಮೆ ನೋಡಿದ.

ನೆಲಮಾಳಿಗೆಯಲ್ಲಿ ಕುರ್ಚಿಗಳನ್ನು ಮೇಜುಗಳ ಮೇಲೆ ತಲೆಕೆಳಗಾಗಿ ಪೇರಿಸಿತ್ತು. ಹ್ಯಾಸ್ಕ್ ತನ್ನ ಕೋಣೆಯಲ್ಲಿದ್ದ. ಆಗ್ನೆಸಳನ್ನು ಕಂಡದ್ದೇ ಎದ್ದು ಬೆಂಕಿಯ ಹತ್ತಿರದ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ. ಕಾಫಿ ತರಿಸಿದ. ಅವಳ ಬೆನ್ನುನೋವನ್ನು ವಿಚಾರಿಸಿದ. ಅವನು ಯಾವಾಗಲೂ ಹಾಗೆಯೇ. ಕುಡಿದು ತೂರಾಡುವ ಗಿರಾಕಿಗಳನ್ನು ಬೇರೆಯವರು ಮೆಟ್ಟಿಲಿಂದ ತಳ್ಳಿದರೆ, ಹ್ಯಾಸ್ಕ್ ತಾನೇ ಹಿಡಿದುಕೊಂಡು ಹೋಗಿ ಟ್ಯಾಕ್ಸಿಯಲ್ಲಿ ಕೂರಿಸಿ, ಮೊಣಕಾಲಿಗೆ ಕಂಬಳಿ ಹೊದಿಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಿದ್ದ. ಎರಡು ಚಳಿಗಾಲದ ಹಿಂದೆ ಆಗ್ನೆಸಳ ಗಂಡ ಎಮೆಟ್ ಕೂಡ ಹಾಗೆಯೇ ಮನೆಗೆ ಬಂದಿದ್ದ, ಬೆಚ್ಚಗೆ ಕಂಬಳಿ ಸುತ್ತಿಕೊಂಡು. ಬೆಳಗಾಗುವಷ್ಟರಲ್ಲಿ ಅವನಿಗೆ ಕಣ್ಣು ಕಾಣದಾಯಿತು. ಮೂರನೆಯ ದಿನ ತೀರಿಕೊಂಡ. ಎಲ್ಲಿ ಏನು ಕುಡಿದನೋ ಎಂದರು ಜನ. ಆಗ್ನೆಸ್ ಹ್ಯಾಸ್ಕ್‌ಗೆ ಧನ್ಯವಾದ ಬರೆದು ಕಳಿಸಿದ್ದಳು.

“ಊಟ ಮುಗಿಸಿ ಒಬ್ಬನೇ ಹೊರಟ,” ಎಂದ ಹ್ಯಾಸ್ಕ್. ಅವನ ದನಿ ಒಡೆದಿತ್ತು. “ಐಸ್ ಮೇಲೆ ಹೋಗ್ತೀನಿ ಅಂದ್ರೆ ಅವನನ್ನ ತಡೆಯೋರು ಯಾರು?”

“ನೀವು ಯಾವತ್ತಾದ್ರೂ ಹೋಗಿದೀರಾ ಅವರ ಜೊತೆ?”

“ನಾನಾ? ಬೂಟಿಗೆ ಕೆಸರು ಹತ್ತಿದ್ರೇ ನಂಗೆ ನಿದ್ದೆ ಬರಲ್ಲ, ಲಬಾಡಿಯವ್ರೇ. ಐಸು ಅವನ ರಾಜ್ಯ. ಈ ನೆಲಮಾಳಿಗೆ ನಂದು.” ಹ್ಯಾಸ್ಕ್ ಬೆಂಕಿಯತ್ತ ಕೈ ಚಾಚಿದ. ಬೂದುಬಣ್ಣದ ಕೈಗವಸಿಲ್ಲದ ಅವನ ಕೈಗಳನ್ನು ಆಗ್ನೆಸ್ ನೋಡಿದ್ದು ಅದೇ ಮೊದಲು. ಕೋಣೆಯಲ್ಲಿ ಕ್ರಿಸ್‌ಮಸ್ಸಿನ ವಾಸನೆಯಿತ್ತು. ಫೆಬ್ರವರಿಯಲ್ಲಿ ಇದೆಲ್ಲಿಯದು ಎಂದುಕೊಂಡಳು. ಆಮೇಲೆ ಮರೆತಳು.

ಮೇಲೆ ಬಂದ ಮೇಲೆ ಇಸಿಡೋರ್ ಹೇಳಿದ: “ಆಗ್ನೆಸ್, ಎರಡು ಫೋನ್ ಮಾಡು. ಒಂದು ನಮ್ಮ ರಾಜ್ಯದ ರಾಜಧಾನಿಗೆ. ಅಲ್ಲಿನ ರಾಜ್ಯ ಪೊಲೀಸರು ನಮ್ಮೂರ ಕಪ್ಪಿನಲ್ಲಿ ಚಹಾ ಕುಡಿದಿಲ್ಲ. ಇನ್ನೊಂದು ವ್ರೂಬೆಲ್‌ಗೆ.”

“ಅವನು ಇಲ್ಲಿಗೆ ಬರ್ತಾನಾ? ಬಂದ್ರೆ ಗುಂಡು ಹೊಡೀತಾರೆ.”

“ಫ್ಲೋರಿಯನ್ ಜೀವದ ಪ್ರಶ್ನೆ ಅನ್ನು.”

ವ್ರೂಬೆಲ್ ಆ ತುದಿಯಿಂದ ಮೊದಲು ಬೈದ. ಆಮೇಲೆ ಸುಮ್ಮನಾದ. “ನಮ್ಮಮ್ಮಂಗೆ ಈ ವಿಷಯ ಗೊತ್ತಾದ್ರೆ ನನ್ನನ್ನ ಮನೆಯೊಳಗೆ ಸೇರಿಸಲ್ಲ,” ಎಂದ. “ಬರ್ತೀನಿ ಅಂತ ಹೇಳಮ್ಮ.”

ಬಿಸಿಲು ಇಳಿಯತೊಡಗಿತ್ತು. ಹೋಟೆಲಿನ ಹಿಂದಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಒಂದು ಬದಿಗೆ ಥಿಯೋ ಮತ್ತವನ ಇಬ್ಬರು ಆಳುಗಳು. ಇನ್ನೊಂದು ಬದಿಗೆ ತನ್ನ ಕಾರಿಗೆ ಒರಗಿ ವ್ರೂಬೆಲ್, ಕೈ ಜೇಬಿನಲ್ಲಿ. ಹಿಂಬಾಗಿಲ ಮೆಟ್ಟಿಲ ಬಳಿ ಹ್ಯಾಸ್ಕ್. ಕೊರಾಲಿ ಗೋಡೆಯ ಹತ್ತಿರ ನಿಂತಿದ್ದಳು. ಅವಳ ಕಣ್ಣು ನದಿಯ ಕಡೆಗಿತ್ತು. ಸೀಟಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

“ಏನ್ರೀ ವ್ರೂಬೆಲ್, ಹೂಗುಚ್ಛ ತಂದಿಲ್ವಾ?” ಎಂದ ಥಿಯೋ. “ಕೊಂದೋರೇ ದೊಡ್ಡ ಗುಚ್ಛ ತರ್ತಾರೆ ಅಂತ ಮಾತಿದೆ.”

“ನಿನ್ನ ಹೆಣಕ್ಕೆ ಅಂತ ಎತ್ತಿಟ್ಟಿದೀನಿ ಕಣೋ, ಅವಸರ ಬೇಡ.”

“ಜಗಳ ಆಮೇಲೆ,” ಎಂದ ಇಸಿಡೋರ್. “ಫ್ಲೋರಿಯನ್ ಕೊಂಬೆ ನೆಟ್ಟಿದ್ದನ್ನ ಕಂಡೋನೊಬ್ಬ ಆಚೆ ದಡದಲ್ಲಿದಾನೆ. ಈಗಲೇ ಐಸ್ ದಾಟಿ ಹೋಗಿ ಅವನನ್ನ ಕೇಳ್ತೀನಿ. ವ್ರೂಬೆಲ್ ಕಾರು ಕೊಡ್ತಾರೆ. ಥಿಯೋ, ನೀನು ಓಡಿಸು, ಆಗ ಯಾರಿಗೂ ಅನುಮಾನ ಬೇಡ. ಮಿಸ್ಟರ್ ಹ್ಯಾಸ್ಕ್, ಸ್ವಲ್ಪ ಕೈ ಕೊಡ್ತೀರಾ? ಚಳಿಗೆ ಮಂಡಿ ಹಿಡ್ಕೊಂಡ್‌ಬಿಟ್ಟಿದೆ.”

ಹ್ಯಾಸ್ಕ್ ಮುಂದೆ ಬಂದ. ಮುದುಕನ ಮೊಣಕೈಗೆ ಆಸರೆ ಕೊಟ್ಟು ಕೂರಿಸಿದ. ಸೀಟಿನ ಮೇಲಿದ್ದ ಕಂಬಳಿಯನ್ನು ಕೊಡವಿ ಮೊಣಕಾಲ ಮೇಲೆ ಹಾಸಿ, ಎರಡೂ ಅಂಚನ್ನು ತೊಡೆಯಡಿ ಸಿಕ್ಕಿಸಿದ. ಗಾಜನ್ನು ಪೂರ್ತಿ ಏರಿಸಿದ. ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

ಆ ಬದಿಯಲ್ಲಿ ಥಿಯೋ ತನ್ನ ಬಾಗಿಲನ್ನು ಪೂರ್ತಿ ತೆರೆದು, ಹಗ್ಗದಿಂದ ಹಿಂದಕ್ಕೆ ಕಟ್ಟುತ್ತಿದ್ದ. ಅವನ ಕೈ ಅಲ್ಲೇ ನಿಂತಿತು.

“ಬಾಗಿಲು ತೆಗೀರಿ,” ಎಂದ. “ಐಸ್ ಮೇಲೆ ಹೋಗ್ತಿದೀವಿ.”

“ಇಂಥ ಗಾಳೀಲಾ? ವಯಸ್ಸಾದೋರು, ಸತ್ತೇಹೋಗ್ತಾರೆ,” ಎಂದ ಹ್ಯಾಸ್ಕ್.

ವ್ರೂಬೆಲ್ ಜೇಬಿನಿಂದ ಕೈ ತೆಗೆದ. ಥಿಯೋ ಹಗ್ಗ ಬಿಟ್ಟು ನೆಟ್ಟಗೆ ನಿಂತು, ಹ್ಯಾಸ್ಕ್‌ನನ್ನು ಮೊದಲ ಸಲ ಕಾಣುವವನಂತೆ ನೋಡಿದ.

ಇಸಿಡೋರ್ ತಾನೇ ಬಾಗಿಲು ತೆರೆದು ಕೆಳಗಿಳಿದ. ಮಂಡಿನೋವು ಕಾಣಲಿಲ್ಲ.

“ಆಚೆ ದಡದಲ್ಲಿ ಯಾರೂ ಇಲ್ಲ,” ಎಂದ. “ಸಾಕ್ಷಿ ಇಲ್ಲೇ ಸಿಕ್ಕಿತು. ಆಗ್ನೆಸ್, ನದಿ ಹತ್ರ ನೀನು ಕೇಳಿದ್ಯಲ್ಲ, ತಲೆ ಕೆಟ್ಟಿದೆಯಾ ಅಂತ. ಐಸು ಒಡೆದ್ರೆ ಕಾರು ಮುಳುಗೋಕೆ ಉಸಿರೆಳೆದಷ್ಟು ಹೊತ್ತು ಸಾಕು. ಬಾಗಿಲು ಮುಚ್ಚಿದ್ರೆ ನೀರಿನ ಭಾರಕ್ಕೆ ಅದು ಮತ್ತೆ ತೆಗೆಯಲ್ಲ. ಅದಕ್ಕೇ ಐಸಿನ ಮೇಲೆ ಹೋಗೋರು ಎಂಥ ಚಳಿ ಇದ್ರೂ ಬಾಗಿಲನ್ನ ತೆರೆದು ಕಟ್ಟಿರ್ತಾರೆ, ಹಾರಿಕೊಳ್ಳೋಕೆ. ಆದ್ರೆ ಅದರ ಮಾತನ್ನ ನೆಲದ ಮೇಲೆ ಎತ್ತಲ್ಲ. ಎತ್ತಿದ್ರೆ ನದಿ ಕೇಳಿಸ್ಕೊಳ್ಳುತ್ತೆ ಅಂತ ಅವರ ನಂಬಿಕೆ. ಒಂದ್ಸಲ ನಾನು ದಾಟಿದಾಗ ಚಾಲಕ ಬಾಯಿ ಬಿಡದೆ ಕೈ ಚಾಚಿ ನನ್ನ ಬಾಗಿಲು ತೆಗೆದ. ಆಗಲೇ ನಂಗೂ ಗೊತ್ತಾಗಿದ್ದು. ಕಾರುಗಳನ್ನ ಗ್ಯಾರೇಜಲ್ಲಿ ಮಾತ್ರ ಕಂಡೋರಿಗೆ ಅದು ಹೇಗೆ ಗೊತ್ತಾಗ್ಬೇಕು?”

“ಗ್ಯಾಸ್ಪರ್ಡ್ ಬಾಗಿಲು ಮುಚ್ಚಿತ್ತು,” ಎಂದ ಥಿಯೋ ನಿಧಾನವಾಗಿ. “ನೀರಿನ ಹೊಡೆತಕ್ಕೆ ಮುಚ್ಚಿಕೊಂಡಿರ್ಬೇಕು ಅಂದ್ಕೊಂಡೆ. ಬೆಳಗಿಂದ ಕಣ್ಣೆದುರೇ ಇತ್ತು. ನೋಡಿದೆ, ನೋಡ್ಲಿಲ್ಲ.”

“ಕಟ್ಟೋ ಹಗ್ಗ ಸುತ್ತಿದ ಹಾಗೇ ಕೊಕ್ಕೆಯಲ್ಲಿತ್ತಪ್ಪ. ಗೇರೂ ಹಾಕಿರಲಿಲ್ಲ. ಓಡ್ತಿದ್ದ ಕಾರಲ್ಲ ಅದು. ದೋಣಿಮನೆ ಇಳಿಜಾರಿನಿಂದ ತಳ್ಳಿದ ಕಾರು. ಊಟದಲ್ಲಿ ಏನು ಕುಡಿಸಿದ್ರೋ, ಒಳಗಿದ್ದೋನಿಗೆ ಪ್ರಜ್ಞೆ ಇರಲಿಲ್ಲ, ಕೈ ಮಡಿಲಲ್ಲೇ ಇದ್ವು. ಫ್ಲೋರಿಯನ್ ಆಗ್ಲಿ, ವ್ರೂಬೆಲ್ ಜನ ಆಗ್ಲಿ ಮಾಡಿದ್ದಿದ್ರೆ, ಐಸಲ್ಲಿ ಸತ್ತ ಹಾಗೆ ಕಾಣ್ಲಿ ಅಂತ ಮೊದಲು ಬಾಗಿಲು ಕಟ್ಟಿರೋರು. ಅವರ ಕೈಗೆ ಅದು ಉಸಿರಾಡಿದ ಹಾಗೆ. ಮುಚ್ಚಿದ್ದು ನೆಲದ ಮನುಷ್ಯ. ಅದೂ ಎಂಥ ಮನುಷ್ಯ? ಕೊಲ್ಲೋಕೆ ಕೂರಿಸಿದೋನಿಗೂ ಕಾಲಿಗೆ ಚಳಿಯಾಗದ ಹಾಗೆ ಕಂಬಳಿ ಸಿಕ್ಕಿಸಿದೋನು.”

“ಕಂಬಳಿ ಹೊದಿಸೋದು ಅಪರಾಧವೇನ್ರೀ?” ಹ್ಯಾಸ್ಕ್ ನಗಲು ನೋಡಿದ.

“ಅಲ್ಲ. ನಿಮ್ಮ ಕೈಯ ಅಭ್ಯಾಸ ಅದು. ಅಭ್ಯಾಸ ಒಳ್ಳೇದೇ.” ಇಸಿಡೋರ್ ಅದನ್ನು ವ್ಯಂಗ್ಯವಾಗಿ ಹೇಳಲಿಲ್ಲ. “ಕೊಂಬೆಗಳನ್ನ ನೀವು ಕಿತ್ತು ತಂದು ನಿಮ್ಮ ಕೋಣೆಯ ಬೆಂಕಿಗೇ ಹಾಕಿದ್ರಿ, ಕ್ರಿಸ್‌ಮಸ್ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ಫರ್ ಮರದ ಅಂಟು ಮೆತ್ತಿದ್ರೆ ಬಿಡಲ್ಲ, ಅದಕ್ಕೇ ಕೈಗವಸೂ ಬೆಂಕಿಗೆ ಹೋಯ್ತು. ಹೋಗಿ ನೋಡು ಥಿಯೋ, ಬೂದಿ ಕೆದಕಿದ್ರೆ ಇನ್ನೂ ಮುಳ್ಳೆಲೆ ಸಿಗುತ್ತೆ. ನಾನು ಕಾಫಿ ಕುಡೀತಾ ನೋಡಿದೀನಿ.”

“ಯಾಕೆ?” ಎಂದ ಥಿಯೋ. “ಹನ್ನೊಂದು ವರ್ಷ ಜೊತೇಲಿದ್ರಲ್ಲ!”

ಉತ್ತರ ವ್ರೂಬೆಲ್‌ನಿಂದ ಬಂತು. “ಹೋದ ಭಾನುವಾರ ಗ್ಯಾಸ್ಪರ್ಡ್ ಆ ಹುಡುಗ ಫ್ಲೋರಿಯನ್ ಕೈಲಿ ನಂಗೊಂದು ಮಾತು ಕೇಳಿ ಕಳ್ಸಿದ್ದ. ಪಾಲಿಶ್‌ಗೆ ಹಾಕೋ ಸ್ಪಿರಿಟ್‌ನ ವಿಸ್ಕಿಗೆ ಬೆರೆಸ್ತಿರೋರು ಯಾರು, ಊರಲ್ಲಿ ಜನಕ್ಕೆ ಕಣ್ಣು ಹೋಗ್ತಿದೆ ಅಂತ. ನಾನು ಹೇಳಿ ಕಳ್ಸಿದೆ, ನಿನ್ನ ನೆಲಮಾಳಿಗೇಲೇ ವಿಚಾರಿಸು, ಎರಡು ವರ್ಷದಿಂದ ಪೀಪಾಯಿ ಅಲ್ಲಿಗೇ ಹೋಗ್ತಿದೆ ಅಂತ. ಅವನು ವಿಚಾರಿಸಿರ್ಬೇಕು.”

ಆಗ್ನೆಸ್ ಎರಡು ಹೆಜ್ಜೆ ಮುಂದೆ ಬಂದಳು. ತಾನು ಬರುತ್ತಿರುವುದು ಅವಳಿಗೇ ತಿಳಿಯಲಿಲ್ಲ.

“ಎಮೆಟ್‌ಗೂ ಅದನ್ನೇ ಕೊಟ್ರಾ?”

ಹ್ಯಾಸ್ಕ್ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ನಿಜವಾದ ಸೌಜನ್ಯವಿತ್ತು, ನೆನಪು ಮಾಡಿಕೊಳ್ಳುವ ಪ್ರಯತ್ನವೂ ಇತ್ತು.

“ಕ್ಷಮಿಸಿ ಆಗ್ನೆಸ್,” ಎಂದ. “ಎಮೆಟ್ ಅಂದ್ರೆ ಯಾರು?”

ಅವಳು ಕೋಪ ಬರಲೆಂದು ಕಾದಳು. ಬರಲಿಲ್ಲ. ಕಂಬಳಿಯ ಬಣ್ಣ ಮಾತ್ರ ಕಣ್ಣ ಮುಂದೆ ಬಂತು, ಹಸಿರು, ಅಂಚಿಗೆ ಕಪ್ಪು ಗೆರೆ.

ಥಿಯೋ ಹ್ಯಾಸ್ಕ್‌ನ ಕೊರಳಪಟ್ಟಿ ಹಿಡಿದಿದ್ದ. “ಇವನನ್ನ ನದಿಗೆ ಕರ್ಕೊಂಡು ಹೋಗ್ತೀನಿ. ಬಾಗಿಲು ಮುಚ್ಚೇ ಕಳಿಸ್ತೀನಿ.”

“ರಾಜ್ಯ ಪೊಲೀಸರು ಆಗಲೇ ಮುಂದಿನ ಬಾಗಿಲಲ್ಲಿ ಇಳೀತಿದಾರೆ,” ಎಂದ ಇಸಿಡೋರ್. “ಇವನನ್ನ ಅವರಿಗೆ ಬಿಡು. ನಿನ್ನ ಕೆಲಸ ಬೇರೆ ಇದೆ, ಥಿಯೋ. ಸೀಟಿ ಊದೋ ಹೊತ್ತಾಯ್ತು.”

ಥಿಯೋನ ಮುಖ ಬಿಳಿಚಿತು. ಕೈ ಸಡಿಲವಾಯಿತು.

ಆಗ್ನೆಸ್ ಅಷ್ಟರಲ್ಲಿ ಓಡುತ್ತಿದ್ದಳು. ಬೋರ್ಡಿನ ಮುಂದೆ ಕೂತು ಐಸ್ ಕಂಪನಿಯ ಗೋದಾಮಿನ ತಂತಿಯನ್ನು ಚುಚ್ಚಿದಳು. ಗಂಟೆ ಬಾರಿಸುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಹಿಂದೆ ಕೊರಾಲಿ ಬಂದು ನಿಂತದ್ದು ಅವಳ ಉಸಿರಿನಿಂದ ಗೊತ್ತಾಯಿತು. ನದಿಯ ಕಡೆಯಿಂದ ಸೀಟಿ ಊದಿತು, ಉದ್ದಕ್ಕೆ. ಅದು ನಿಂತಾಗ ಆ ತುದಿಯಲ್ಲಿ ಯಾರೋ ಫೋನೆತ್ತಿ, “ಏನು?” ಎಂದರು. ಆಗ್ನೆಸ್ ಫೋನನ್ನು, ಹಿಂದೆಯೇ ಓಡಿಬಂದಿದ್ದ ಥಿಯೋನ ಕಿವಿಗೆ ಒತ್ತಿದಳು.

“ಬಿಡ್ರೋ ಅವನನ್ನ!” ಥಿಯೋ ಕಿರುಚಿದ. “ಕೈ ಬಿಚ್ರೋ! ಅವನಲ್ಲ, ಅವನಲ್ಲ ಕಣ್ರೋ!”

ಫ್ಲೋರಿಯನ್‌ನನ್ನು ಹೋಟೆಲಿನ ಅಡುಗೆಮನೆಗೆ ತಂದಾಗ ಅವನ ಬೆರಳುಗಳು ಮೇಣದಂತಿದ್ದವು. ಬೆಳಗಿನಿಂದ ಐಸಿನ ದಿಮ್ಮಿಗಳ ನಡುವೆ ಕಟ್ಟಿಹಾಕಿದ್ದರು. ಅಡುಗೆಯವನು ಯಾರೂ ಹೇಳದೆಯೇ ಬೋಗುಣಿಗೆ ಉಗುರುಬೆಚ್ಚಗಿನ ನೀರು ತುಂಬಿದ. ಆಗ್ನೆಸ್ ಆ ಕೈಗಳನ್ನು ಅದರಲ್ಲಿ ಮುಳುಗಿಸಿ ಹಿಡಿದಳು.

“ಏನೂ ಗೊತ್ತಾಗ್ತಿಲ್ಲ,” ಎಂದ ಫ್ಲೋರಿಯನ್. “ನನ್ನ ಕೈಯೇ ಅಲ್ಲ ಅನ್ಸುತ್ತೆ.”

“ತಾಳು.”

ಸ್ವಲ್ಪ ಹೊತ್ತಾದ ಮೇಲೆ ಅವನ ಮುಖ ಕಿವುಚಿತು. ಹಲ್ಲು ಕಚ್ಚಿದ. ಆಮೇಲೆ ತಡೆಯಲಾರದೆ ಕೂಗಿಕೊಂಡ. ಕೊರಾಲಿ ಅವನ ತಲೆಯನ್ನು ಎದೆಗೊತ್ತಿಕೊಂಡು, ದಿನವಿಡೀ ಬಾರದ ಅಳುವನ್ನೆಲ್ಲ ಒಮ್ಮೆಲೇ ಅಳುತ್ತ ಬೈಯತೊಡಗಿದಳು: “ಕೂಗೋ, ಇನ್ನೂ ಕೂಗು, ಕತ್ತೆ! ಮೀನು ಕೊಡೋಕೆ ಹೋಗ್ತಾನಂತೆ ಮೀನು!”

ಥಿಯೋ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬರಲೂ ಆಗದೆ, ಹೋಗಲೂ ಆಗದೆ. ಆಗ್ನೆಸ್ ಅವನನ್ನು ನೋಡಿದಳು.

“ನೀರು ತಣ್ಣಗಾಗ್ತಿದೆ,” ಎಂದಳು. “ಸುಮ್ನೆ ನಿಂತ್ಕೋಬೇಡ ಥಿಯೋ. ಒಲೆ ಮೇಲಿಂದ ಆ ಕೆಟಲ್ ತಗೊಂಬಾ.”

ಅವನು ತಂದ. ಬೋಗುಣಿಯ ಮುಂದೆ ಮೊಣಕಾಲೂರಿ, ಬಿಸಿ ಹೆಚ್ಚಾದೀತೆಂದು ತನ್ನ ಕೈಯನ್ನು ನಡುವೆ ಅಡ್ಡ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಸುರಿದ.